ಕೈಗವಸು ಶೋಕಿಯಲ್ಲ

ಸೈಕಲ್ ತುಳಿಯುವವನು ಕೈಗವಸು ತೊಟ್ಟರೆ ನಮ್ಮ ಕಡೆ ಇಂದಿಗೂ ನಗುತ್ತಾರೆ. “ಏನಪಾ, ಕಾಶ್ಮೀರಕ್ಕ ಹೊಂಟೀ ಏನು?” ಎಂದು ಕಟ್ಟೆಯ ಮೇಲೆ ಕುಳಿತವರು ಕೇಳುತ್ತಾರೆ. ತಲೆಗೆ ರುಮಾಲು ಸುತ್ತಿದರೆ ಮರ್ಯಾದೆ, ಕಾಲಿಗೆ ಬೂಟು ಮೆಟ್ಟಿದರೆ ಅಂತಸ್ತು, ಕೈಗೆ ಗವಸು ಹಾಕಿದರೆ ಮಾತ್ರ ಶೋಕಿ! ಈ ತಿಳಿವಳಿಕೆ ತಪ್ಪು. ಮಳೆಗಾಲದಲ್ಲಿ ಅಪಾಯಕಾರಿ ಕೂಡ. ಬೆಂಗಳೂರಿನಲ್ಲಿ ಸೈಕಲ್ ಮೇಲೆ ಕಚೇರಿಗೆ ಹೋಗುವ ಶಿಷ್ಯರೂ ಇಂಗ್ಲೆಂಡ್, ಹಾಲೆಂಡ್‌ಗಳ ಮಳೆಯಲ್ಲಿ ತುಳಿಯುವ ಬಂಧುಗಳ ಮಕ್ಕಳೂ ಇದನ್ನು ಓದುತ್ತಾರಾದ್ದರಿಂದ, ಎಂಥ ಗವಸು ಕೊಳ್ಳಬೇಕೆಂಬುದನ್ನೂ ಹೇಳುತ್ತೇನೆ. ಮೊದಲು ನಮ್ಮೂರಿನ ಕೈಗಳ ಮಾತು.

“ನಮ್ಮಲ್ಲಿ ಎಲ್ಲಿಯ ಚಳಿ?” ಎಂಬುದು ಮೊದಲ ಆಕ್ಷೇಪ. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ ಬೆಳಗಿನ ಉಷ್ಣಮಾಪಕ 20–22 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ, ನಿಜ. ಆದರೆ ಉಷ್ಣಮಾಪಕ ಒಣಗಿದ ಗಾಳಿಯ ಲೆಕ್ಕ ಹೇಳುತ್ತದೆಯೇ ಹೊರತು ತೊಯ್ದ ಕೈಯ ಲೆಕ್ಕವನ್ನಲ್ಲ. ಗಳಗನಾಥದಲ್ಲಿ ವರದೆ ತುಂಗಭದ್ರೆಯನ್ನು ಕೂಡುವ ಬಯಲಿಗೆ ಆ ದಿನಗಳಲ್ಲಿ ಪಡುವಣ ಗಾಳಿ ಬಿಡುವಿಲ್ಲದೆ ಬೀಸುತ್ತದೆ. ಜೊತೆಗೆ ಜಿಟಿಜಿಟಿ ಮಳೆ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಸೈಕಲ್ ಹೊಡೆಯುವ ಹುಡುಗನಿಗೆ ಎದುರುಗಾಳಿ ಅಷ್ಟೇ ವೇಗದಲ್ಲಿ ಬಂದರೆ ಅವನ ಬೆರಳುಗಳಿಗೆ ತಗಲುವುದು 30 ಕಿಲೋಮೀಟರ್ ವೇಗದ ಗಾಳಿ. ಬಾಷ್ಪೀಭವನದ ಪಾಠವನ್ನು ನೆನಪಿಸಿಕೊಳ್ಳಿರಿ. ಚರ್ಮದ ಮೇಲಿನ ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಹೀರಿಕೊಳ್ಳುತ್ತದೆ. ಬೇಸಗೆಯಲ್ಲಿ ಮಣ್ಣಿನ ಹರವಿಯ ನೀರು ತಂಪಾಗುವುದು ಹೀಗೆಯೇ. ಮಳೆಯಲ್ಲಿ ಹ್ಯಾಂಡಲ್ ಹಿಡಿದ ಬರಿಗೈ, ಗಾಳಿಗೆ ತೂಗುಹಾಕಿದ ಹರವಿಯಲ್ಲದೆ ಬೇರೇನಲ್ಲ.

“ನಾವೆಲ್ಲ ಗವಸಿಲ್ಲದೆ ಬದುಕಲಿಲ್ಲವೇ?” ಎಂಬುದು ಎರಡನೆಯ ಆಕ್ಷೇಪ, ಇದು ನನ್ನ ವಯಸ್ಸಿನವರದು. ನಮ್ಮ ಹಿರಿಯರು ಮಳೆಗೆ ಬರಿಮೈಯಲ್ಲಿ ನಡೆದವರಲ್ಲ. ಅವರ ತಲೆಯ ಮೇಲೆ ಕಂಬಳಿಯ ಕೊಪ್ಪೆ ಇರುತ್ತಿತ್ತು, ಕೈಗಳು ಕೊಪ್ಪೆಯ ಒಳಗಿರುತ್ತಿದ್ದವು. ನಡೆಯುವವನು ಕೈಯನ್ನು ಕಂಕುಳಲ್ಲಿ ಬಚ್ಚಿಡಬಲ್ಲ, ಉಜ್ಜಿಕೊಳ್ಳಬಲ್ಲ, ಬಾಯುಸಿರಿನಿಂದ ಬಿಸಿ ಮಾಡಿಕೊಳ್ಳಬಲ್ಲ. ಸೈಕಲ್ ಏರಿದವನಿಗೆ ಆ ಸ್ವಾತಂತ್ರ್ಯವಿಲ್ಲ. ಅವನ ಎರಡೂ ಕೈಗಳು ಮೈಗಿಂತ ಮುಂದೆ ಚಾಚಿಕೊಂಡು, ಅಲುಗಾಡದೆ, ತಣ್ಣನೆಯ ಕಬ್ಬಿಣವನ್ನು ಹಿಡಿದಿರಲೇಬೇಕು. ನಡಿಗೆಯ ಕಾಲದ ಧೈರ್ಯವನ್ನು ಸೈಕಲ್ ತುಳಿಯುವವನಿಗೆ ಉಪದೇಶಿಸುವುದು ಪೌರುಷವಲ್ಲ, ವಿಚಾರಹೀನತೆ.

ಇಲ್ಲಿ ಸುಖದ ಪ್ರಶ್ನೆಗಿಂತ ಬ್ರೇಕಿನ ಪ್ರಶ್ನೆ ದೊಡ್ಡದು. ಉಕ್ಕಿನ ರಿಮ್ಮು ತೊಯ್ದಾಗ ರಬ್ಬರಿನ ಗುಟ್ಟಗಳು ಜಾರುತ್ತವೆ. ಒಣ ದಿನಕ್ಕಿಂತ ಮೊದಲೇ, ಹೆಚ್ಚು ಬಿಗಿಯಾಗಿ ಬ್ರೇಕ್ ಒತ್ತಬೇಕಾಗುತ್ತದೆ. ಅಂದರೆ ಬೆರಳುಗಳ ಬಲ ಅತ್ಯಂತ ಹೆಚ್ಚು ಬೇಕಾದ ದಿನವೇ ಅವು ಮರಗಟ್ಟಿರುತ್ತವೆ. ಎದುರಿಗೆ ಕಬ್ಬಿನ ಟ್ರ್ಯಾಕ್ಟರೋ ಮರಳಿನ ಲಾರಿಯೋ ಬಂದಾಗ ಅರೆಕ್ಷಣದ ತಡ ಸಾಕು. 2006–07ರಲ್ಲಿ ನಮ್ಮ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದಾಗ ಎಷ್ಟೋ ಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲಿನ ಮೆಟ್ಟಿಲೇರಿದರು; ಅದು ದೊಡ್ಡ ಕೆಲಸ. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಆದರೆ ಮಳೆಯಲ್ಲಿ ಸೈಕಲ್ ತುಳಿದು ಶಾಲೆಗೆ ಹೋಗುವ ಮಕ್ಕಳು ಇದ್ದಾರೆ. ಹಾಲು ಹಾಕುವವರು, ನಸುಕಿನಲ್ಲಿ ಪತ್ರಿಕೆ ಹಂಚುವ ಹುಡುಗರು ಇದ್ದಾರೆ. ಅವರ ಕೈಗಳ ವಿಚಾರ ಅಂದೂ ಯಾರೂ ಮಾಡಲಿಲ್ಲ, ಇಂದೂ ಮಾಡುತ್ತಿಲ್ಲ. “ಕೈ ಕೆಸರಾದರೆ ಬಾಯಿ ಮೊಸರು” ಎಂದು ಗೋಡೆಯ ಮೇಲೆ ಬರೆಸುವ ನಾವು, ಆ ಕೈ ಚಳಿಗೆ ಸೆಟೆದಿದೆಯೇ ಎಂದು ಕೇಳುವುದಿಲ್ಲ.

ಇನ್ನು ಆಯ್ಕೆಯ ಮಾತು. ದಪ್ಪನೆಯ ಗವಸು ಬೆಚ್ಚನೆಯ ಗವಸು ಎಂಬುದು ಅಂಗಡಿಕಾರ ಹರಡಿದ ಭ್ರಮೆ. ಬೆಚ್ಚಗಿಡುವುದು ಬಟ್ಟೆಯಲ್ಲ, ಅದರ ಎಳೆಗಳ ನಡುವೆ ಸಿಕ್ಕಿಕೊಂಡ ನಿಶ್ಚಲವಾದ ಗಾಳಿ. ಆ ಜಾಗವನ್ನು ನೀರು ಆಕ್ರಮಿಸಿದರೆ ಕೆಲಸ ಕೆಟ್ಟಿತು. ನಿಶ್ಚಲ ಗಾಳಿಗಿಂತ ನೀರು ಸುಮಾರು 25 ಪಟ್ಟು ಹೆಚ್ಚು ಶಾಖವನ್ನು ಸಾಗಿಸುತ್ತದೆ. ಹತ್ತಿಯ ಗವಸು ಮಳೆಯಲ್ಲಿ ಒದ್ದೆ ಅರಿವೆಯಾಗಿ ಕೈಗೆ ಅಂಟಿಕೊಳ್ಳುತ್ತದೆ. ಅದಕ್ಕಿಂತ ಬರಿಗೈಯೇ ವಾಸಿ. ಉಣ್ಣೆಯ ಗುಣ ಬೇರೆ. ಅದು ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಒಳಗೆಳೆದುಕೊಂಡರೂ ಮುಟ್ಟಿದವರಿಗೆ ಒದ್ದೆಯೆನಿಸುವುದಿಲ್ಲ. ಇದನ್ನು ನಮ್ಮ ಕುರುಬರಿಗೆ ಯಾರೂ ಕಲಿಸಬೇಕಾಗಿಲ್ಲ. ಕರಿಯ ಕುರಿಯ ಉಣ್ಣೆಯನ್ನು ನೆಯ್ದು, ಹುಣಸೆ ಬೀಜದ ಗಂಜಿ ಕುಡಿಸಿ, ಮಳೆ ಜಾರಿಹೋಗುವಂಥ ಕಂಬಳಿ ಮಾಡುವ ವಿದ್ಯೆ ರಾಣೇಬೆನ್ನೂರಿನ ಸೀಮೆಯಲ್ಲಿ ತಲೆಮಾರುಗಳಿಂದ ಇದೆ.

ಆದ್ದರಿಂದ ಸೂತ್ರ ಸರಳ: ಒಳಗೆ ಉಣ್ಣೆ, ಹೊರಗೆ ನೀರನ್ನೂ ಗಾಳಿಯನ್ನೂ ತಡೆಯುವ ಪದರ. ಹಣವುಳ್ಳವರು ಇವೆರಡೂ ಕೂಡಿದ ಗವಸನ್ನು ಕೊಳ್ಳಲಿ. ಇಲ್ಲದವರು ತೆಳುವಾದ ಉಣ್ಣೆಯ ಗವಸಿನ ಮೇಲೆ, ಪಾತ್ರೆ ತಿಕ್ಕಲು ಬಳಸುವ ರಬ್ಬರಿನ ಗವಸನ್ನು ಒಂದು ಅಳತೆ ದೊಡ್ಡದಾಗಿ ಕೊಂಡು ಹಾಕಿಕೊಳ್ಳಲಿ. ಚೆಂದ ಕಾಣುವುದಿಲ್ಲ, ಕೆಲಸ ಮಾಡುತ್ತದೆ. ಒಳಗೆ ಬೆವರು ಬರುತ್ತದೆ, ಆದರೆ ಶಾಲೆಯ ದಾರಿಯಷ್ಟು ಹೊತ್ತು ಉಣ್ಣೆ ಅದನ್ನು ತಾಳಿಕೊಳ್ಳುತ್ತದೆ. ಎರೆಮಣ್ಣು ಮಡ್ಗಾರ್ಡಿನೊಳಗೆ ಸಿಕ್ಕಿ ಚಕ್ರ ನಿಂತಾಗ ಕೈಹಾಕಿ ತೆಗೆದರೂ ತೊಳೆದರೆ ಹೋಗುತ್ತದೆ. ಹೊರನಾಡಿನವರಿಗೆ, ಅಂದರೆ ಐದು ಡಿಗ್ರಿಯ ಮಳೆಯಲ್ಲಿ ತುಳಿಯುವವರಿಗೆ, ಇದು ಸಾಲದು. ಅವರು ಒಳಪೊರೆಯುಳ್ಳ ಜಲನಿರೋಧಕ ಗವಸನ್ನೋ ಮುಳುಗುಗಾರರ ಉಡುಪಿಗೆ ಬಳಸುವ ನಿಯೋಪ್ರೀನ್ ಗವಸನ್ನೋ ನೋಡಲಿ.

ಕೊಳ್ಳುವಾಗ ಮೂರು ಪರೀಕ್ಷೆ ಮಾಡಿರಿ. ಮೊದಲನೆಯದು, ಗವಸು ತೊಟ್ಟು ಅಂಗಡಿಯ ಮುಂದೆ ನಿಲ್ಲಿಸಿದ ಸೈಕಲ್ಲಿನ ಬ್ರೇಕನ್ನು ಪೂರ್ತಿ ಒತ್ತಿ ನೋಡುವುದು. ಬೆರಳು ತಡವರಿಸಿದರೆ ಅದು ಎಷ್ಟೇ ಬೆಚ್ಚಗಿದ್ದರೂ ಬೇಡ. ಎರಡನೆಯದು, ಮುಷ್ಟಿ ಕಟ್ಟಿದಾಗ ಬೆರಳ ತುದಿ ಬಿಗಿಯಬಾರದು. ಬಿಗಿದ ಗವಸು ರಕ್ತಸಂಚಾರವನ್ನು ತಡೆದು ಕೈಯನ್ನು ಇನ್ನಷ್ಟು ತಣ್ಣಗಾಗಿಸುತ್ತದೆ. ಮೂರನೆಯದು, ಅದರ ಕಂಠ ಮಣಿಕಟ್ಟನ್ನು ದಾಟಿ ಅಂಗಿಯ ತೋಳಿನೊಳಗೆ ಸೇರಬೇಕು. ಇಲ್ಲದಿದ್ದರೆ ತೋಳಿನಿಂದಿಳಿದ ನೀರು ಗವಸಿನೊಳಗೇ ಸಂಗ್ರಹವಾಗುತ್ತದೆ. ಮನೆಗೆ ಬಂದ ಮೇಲೆ ಒಳಮಗ್ಗುಲು ಹೊರಗೆ ಮಾಡಿ, ಹಳೆಯ ಪತ್ರಿಕೆ ತುರುಕಿ ಆರಿಸಿರಿ. ಒಲೆಯ ಮೇಲೆ ಹಿಡಿದರೆ ಉಣ್ಣೆ ಕಮರುತ್ತದೆ, ರಬ್ಬರು ಬಿರಿಯುತ್ತದೆ.

ಕೊನೆಯದಾಗಿ ನನ್ನ ಶಿಷ್ಯರಿಗೆ ಒಂದು ಮಾತು. ಗುರುವಂದನೆಯ ಹೆಸರಿನಲ್ಲಿ ನೀವು ಊರೂರಿಗೆ ಸಮಾರಂಭ ಮಾಡಿ, ನಮ್ಮಂಥ ನಿವೃತ್ತರಿಗೆ ಶಾಲು ಹೊದಿಸುತ್ತೀರಿ. ನಿಮ್ಮ ಪ್ರೀತಿ ದೊಡ್ಡದು. ಆದರೆ ಹೊದಿಸುವುದು ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ. ಹೊದಿಸಿಕೊಂಡವರು ಬೆವರೊರೆಸಿಕೊಂಡು ಅದನ್ನು ಪೆಟ್ಟಿಗೆಗೆ ಸೇರಿಸುತ್ತಾರೆ. ಪ್ರತಿಯೊಬ್ಬ ನಿವೃತ್ತ ಶಿಕ್ಷಕನ ಮನೆಯಲ್ಲೂ ಅಂಥ ಒಂದು ಪೆಟ್ಟಿಗೆ ಇದೆ. ಮುಂದಿನ ಸಲ ಶಾಲು, ಹಾರ, ತುರಾಯಿಗಳ ಹಣವನ್ನು ಕೂಡಿಸಿ, ಮೃಗಶಿರಾ ಮಳೆ ಹಿಡಿಯುವ ಮುನ್ನ, ನೀವು ಕಲಿತ ಶಾಲೆಗೆ ಸೈಕಲ್ ಮೇಲೆ ಬರುವ ಮಕ್ಕಳ ಕೈಯಳತೆ ತೆಗೆದುಕೊಳ್ಳಿರಿ. ಬೆಚ್ಚಗಿರುವ ನಮ್ಮ ಹೆಗಲಿಗಿಂತ ತೊಯ್ದ ಆ ಬೆರಳುಗಳಿಗೆ ಉಣ್ಣೆಯ ಅಗತ್ಯ ಹೆಚ್ಚು.