ಸಂಶಯದ ಲಾಭ ಎದುರಾಳಿಗೆ

ಟೆನಿಸ್ ಸಿರಿವಂತರ ಆಟವೆಂಬ ಮಾತು ಪೂರ್ತಿ ಸುಳ್ಳಲ್ಲ. ಅಂಗಳ, ಬಲೆ, ರಾಕೆಟ್, ಚೆಂಡು ಎಲ್ಲಕ್ಕೂ ಹಣ ಬೇಕು. ಆದರೂ ಅದರ ಒಂದು ನಿಯಮವನ್ನು ನಾವು ಮೆಚ್ಚದಿರಲಾರೆವು.

ದಿನದಿನದ ಆಟಕ್ಕೆ ಅಂಪೈರ್ ಇರುವುದಿಲ್ಲ. ಬಲೆಯ ಈಚೆ ಬಿದ್ದ ಚೆಂಡು ಒಳಗೋ ಹೊರಗೋ ಎಂದು ಹೇಳುವವನು ಈಚೆ ನಿಂತ ಆಟಗಾರನೇ. ಹೊರಗೆಂದರೆ ಲಾಭವೂ ಅವನಿಗೇ! ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತಾಯಿತಲ್ಲ ಎಂದು ಯಾರಾದರೂ ಕೇಳಿಯಾರು. ಆದರೆ ನಿಯಮ ಅಷ್ಟಕ್ಕೇ ನಿಂತಿಲ್ಲ. ಗೆರೆಯ ಅಂಚನ್ನು ಮುಟ್ಟಿದ ಚೆಂಡೂ ಒಳಗೇ. ಸಂಶಯ ಬಂದರೆ ಅದರ ಲಾಭ ಎದುರಾಳಿಗೆ. 'ಕಾಣಲಿಲ್ಲ, ಮತ್ತೆ ಆಡೋಣ' ಎನ್ನುವಂತಿಲ್ಲ. ಕಾಣದಿದ್ದರೆ ಒಳಗೆಂದೇ ಲೆಕ್ಕ. ಹೊರಗೆಂದು ತಪ್ಪಾಗಿ ಕೂಗಿದ್ದು ಅರಿವಾದರೆ, ಮೊದಲ ಸಲ ಸಾಮಾನ್ಯವಾಗಿ ಆ ಪಾಯಿಂಟನ್ನು ಮತ್ತೆ ಆಡಬೇಕು. ಎರಡನೆಯ ಸಲ ಕೂಗಿದವನಿಗೇ ನಷ್ಟ.

ಆದರೆ 'ಮತ್ತೆ ಆಡೋಣ' ಎಂಬುದೇ ಹಲವು ಅಂಗಳಗಳಲ್ಲಿ ರೂಢಿಯಾಗಿದೆ. ನೋಡಲು ಔದಾರ್ಯ, ನಿಜದಲ್ಲಿ ಎದುರಾಳಿ ಗೆದ್ದ ಪಾಯಿಂಟಿನ ಅಪಹರಣ.

ಇದಕ್ಕೆ ಯಂತ್ರವೇ ಮದ್ದೆನ್ನುವವರಿದ್ದಾರೆ. 2025ರಲ್ಲಿ ವಿಂಬಲ್ಡನ್ ಗೆರೆ ಕಾಯುವವರನ್ನು ಕೈಬಿಟ್ಟು ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿತು. ಅದೇ ವರ್ಷ ಅಲ್ಲಿ ಒಂದು ಪಂದ್ಯದ ನಡುವೆ ಯಂತ್ರವನ್ನು ಕೈತಪ್ಪಿ ಆರಿಸಿಬಿಟ್ಟರು. ಸ್ಪಷ್ಟವಾಗಿ ಹೊರಗೆ ಬಿದ್ದ ಚೆಂಡಿಗೆ ಕೂಗೇ ಬರಲಿಲ್ಲ. ಪಾಯಿಂಟನ್ನು ಮತ್ತೆ ಆಡಿಸಬೇಕಾಯಿತು.

ಯಂತ್ರ ಕಣ್ಣಾದೀತು, ಮನಸ್ಸಾಕ್ಷಿಯಾಗದು. ಮಕ್ಕಳಿಗೆ ಸರ್ವಿಸ್ ಕಲಿಸುವ ಮೊದಲೇ ಈ ನಿಯಮ ಕಲಿಸಬೇಕೆಂಬುದು ನಮ್ಮ ಆಗ್ರಹ. ತೀರ್ಪು ಯಾರ ಕೈಯಲ್ಲಿದೆಯೋ ಸಂಶಯದ ನಷ್ಟವೂ ಅವರದೇ ಆಗಬೇಕು. ಈ ಮಾತು ಟೆನಿಸ್ಸಿನ ಗೆರೆಗಷ್ಟೇ ಸಲ್ಲತಕ್ಕದ್ದೇ? ವಾಚಕರೇ ಯೋಚಿಸಲಿ.