ಎರಡನೇ ಒಲೆ

ಕನ್ನಡದಲ್ಲಿ ಅತ್ತೆಮನೆ ಎಂದರೆ ಸೊಸೆ ಹೋಗಿ ಸೇರುವ ಮನೆ. ಅಮೆರಿಕದ ಮ್ಯಾಸಚೂಸೆಟ್ಸ್ ಕಡೆ 'ಇನ್-ಲಾ ಅಪಾರ್ಟ್‌ಮೆಂಟ್' ಎನ್ನುತ್ತಾರೆ. ಅದನ್ನೂ ಅತ್ತೆಮನೆ ಎಂದೇ ಕನ್ನಡಿಸಬಹುದು, ಆದರೆ ಅದು ಅತ್ತೆಯೇ ಬಂದು ಸೇರುವ ಮನೆ. ಮಗನದೋ ಮಗಳದೋ ಮನೆಯ ಮಗ್ಗುಲಲ್ಲಿ, ಇಲ್ಲವೇ ನೆಲಮಾಳಿಗೆಯಲ್ಲಿ, ಇಲ್ಲವೇ ಗ್ಯಾರೇಜಿನ ಮೇಲೆ ಒಂದು ಮಲಗುವ ಕೋಣೆ, ಒಂದು ಬಚ್ಚಲು, ಅಂಗೈಯಗಲದ ಅಡುಗೆಮನೆ, ತನ್ನದೇ ಒಂದು ಬಾಗಿಲು. ಒಟ್ಟಿಗಿದ್ದೂ ಬೇರೆ ಇರುವ ಏರ್ಪಾಡು. ಕೇಳಿದರೆ ಇದಕ್ಕೆ ಯಾರ ಅಡ್ಡಿ ಎನಿಸುತ್ತದೆ. ಆದರೆ ಆ ದೇಶದ ಹೆಚ್ಚಿನ ಊರುಗಳಲ್ಲಿ ಇದು ದಶಕಗಳ ಕಾಲ ಕಾನೂನುಬಾಹಿರವಾಗಿತ್ತು, ಇಲ್ಲವೇ ನೂರೆಂಟು ಷರತ್ತುಗಳ ಮೇಲೆ ಸಿಗುವ ವಿನಾಯಿತಿಯಾಗಿತ್ತು.

ಬಾಸ್ಟನ್ನಿನ ಹೊರವಲಯದ ಒಂದು ಊರಿನಲ್ಲಿ ನನ್ನ ಅಕ್ಕನ ಮನೆ. ಕೆಲವು ವರ್ಷಗಳ ಹಿಂದೆ ಅಮ್ಮ ಆರು ತಿಂಗಳಿದ್ದು ಬರಲು ಹೊರಟಾಗ ಜೊತೆಗೆ ನಾನೂ ಹೋಗಿದ್ದೆ. ಅಮ್ಮನಿಗೆ ಕೊಟ್ಟದ್ದು ನೆಲಮಾಳಿಗೆಯ ಕೋಣೆ. ಮಾರನೆಯ ದಿನ ಬೆಳಿಗ್ಗೆ ಕಾಫಿ ಹೊತ್ತಿಗೆ ಅಮ್ಮನ ತನಿಖೆ ಮುಗಿದಿತ್ತು. ಕೆಳಗೆ ಸಿಂಕ್ ಇದೆ, ಕಪಾಟುಗಳಿವೆ, ಎರಡು ಕಪಾಟುಗಳ ನಡುವೆ ಎರಡೂವರೆ ಅಡಿ ಜಾಗ ಮಾತ್ರ ಖಾಲಿ. ಅಲ್ಲಿ ನೆಲದ ಲಿನೋಲಿಯಂ ಮೇಲೆ ನಾಲ್ಕು ಕಾಲು ಊರಿದ ಗುಳಿ. ಗೋಡೆಯಲ್ಲಿ ಸ್ಕ್ರೂ ಬಿಗಿದು ಮುಚ್ಚಿದ ಬಿಳಿ ಪ್ಲಾಸ್ಟಿಕ್ ತಟ್ಟೆ. "ಇಲ್ಲಿ ಒಲೆ ಇತ್ತು ಕಣೇ, ಕಿತ್ತಿದ್ದಾರೆ" ಎಂದಳು.

ಕಿತ್ತದ್ದು ನಿಜವೇ. ಮನೆಯ ಹಿಂದಿನ ಮಾಲೀಕ ಅದನ್ನು ತನ್ನ ತಾಯಿಗೆಂದು ಕಟ್ಟಿಸಿದ್ದ. ಪರವಾನಗಿ ಕೊಟ್ಟದ್ದು ಆ ತಾಯಿ ಅಲ್ಲಿ ಇರುವಷ್ಟು ದಿನಕ್ಕೆ. ಆಕೆ ತೀರಿಕೊಂಡಳು, ಮನೆ ಮಾರಾಟಕ್ಕೆ ಬಂತು. ಊರಿನ ಇನ್‌ಸ್ಪೆಕ್ಟರು ಬಂದು ಒಲೆ ಎತ್ತಿಸಿ, ಅದರ 240 ವೋಲ್ಟಿನ ಸಾಕೆಟ್ಟಿಗೆ ಮುಚ್ಚಳ ಹಾಕಿಸಿದ ಮೇಲೆಯೇ ಕಾಗದಪತ್ರ ಮುಂದೆ ಹೋಯಿತಂತೆ. ಅಕ್ಕ ಇದನ್ನು ಹೇಳುತ್ತಿದ್ದರೆ ಅಮ್ಮನಿಗೆ ನಂಬಿಕೆಯೇ ಇಲ್ಲ. "ಸತ್ತವರ ಒಲೆ ಆರಿಸೋಕೂ ಸರ್ಕಾರದೋರು ಬರ್ತಾರಾ?"

ಅಮೆರಿಕದ ವಲಯ ನಿಯಮಗಳ, ಅಂದರೆ ಜೋನಿಂಗಿನ, ಗುಟ್ಟು ನಿಜಕ್ಕೂ ಒಲೆಯಲ್ಲೇ ಇದೆ. ಒಂದು ಸೂರಿನಡಿ ಇರುವುದು ಒಂದು ಮನೆಯೋ ಎರಡೋ ಎಂಬುದು ಬಹುಮಟ್ಟಿಗೆ ಅಡುಗೆಮನೆಯ ಲೆಕ್ಕದಿಂದ ತೀರ್ಮಾನವಾಗುತ್ತದೆ. ಇದು ನಮಗೆ ವಿಚಿತ್ರವಾಗಿ ಕಾಣಬೇಕಿಲ್ಲ. ಅಣ್ಣತಮ್ಮಂದಿರು ಪಾಲಾದರು ಎನ್ನುವುದಕ್ಕೆ ನಾವೂ 'ಒಲೆ ಬೇರೆಯಾಯಿತು' ಎನ್ನುತ್ತೇವೆ. ನಮ್ಮ ಜನಗಣತಿ ಕೂಡ ಒಂದೇ ಅಡುಗೆಯಲ್ಲಿ ಉಣ್ಣುವವರನ್ನು ಒಂದು ಕುಟುಂಬ ಎಂದು ಎಣಿಸುತ್ತದೆ. ಹಾಗಾಗಿ ಸರ್ಕಾರ ಒಲೆ ಎಣಿಸುವುದಕ್ಕೆ ನನ್ನ ತಕರಾರಿಲ್ಲ. ಒಲೆಯ ಮುಂದೆ ನಿಂತವಳು ಯಾರ ತಾಯಿ, ಯಾರ ಅತ್ತೆ ಎಂದು ವಿಚಾರಿಸುವುದಿದೆಯಲ್ಲ, ಅಲ್ಲಿ ತಕರಾರು. ಕಟ್ಟಡಕ್ಕೆ ಹಾಕಬೇಕಾದ ನಿಯಮವನ್ನು ನಂಟಿಗೆ ಹಾಕಿದರೆ ಏನೇನಾಗುತ್ತದೆ ಎನ್ನುವುದಕ್ಕೆ ಆ ದೇಶದ ನೂರು ವರ್ಷದ ಅನುಭವ ಕಣ್ಣೆದುರಿಗಿದೆ.

ಒಂದು ನಿವೇಶನಕ್ಕೆ ಒಂದೇ ಕುಟುಂಬದ ಮನೆ ಎಂಬ ವಲಯವನ್ನು ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರ 1916ರಲ್ಲೇ ಜಾರಿಗೆ ತಂದಿತ್ತು. ಮರುವರ್ಷ ಅಮೆರಿಕದ ಸುಪ್ರೀಂ ಕೋರ್ಟು, ಇಂಥ ಬೀದಿಯಲ್ಲಿ ಇಂಥ ಬಣ್ಣದವರೇ ಇರಬೇಕೆಂಬ ಲೂಯಿವಿಲ್ ನಗರದ ಕಾನೂನನ್ನು ಹೊಡೆದುಹಾಕಿತು. ಬಣ್ಣದ ಹೆಸರೆತ್ತಿ ಬೇಲಿ ಹಾಕುವ ದಾರಿ ಮುಚ್ಚಿದ ಮೇಲೆ ನಿವೇಶನದ ಅಳತೆ, ಮನೆಯ ಬಗೆ, ಕುಟುಂಬದ ವ್ಯಾಖ್ಯೆ ಇವೆಲ್ಲ ಆ ಬೇಲಿಯ ಕೆಲಸಕ್ಕೂ ಒದಗಿಬಂದವು. 1926ರಲ್ಲಿ ಒಹಾಯೊ ರಾಜ್ಯದ ಯೂಕ್ಲಿಡ್ ಎಂಬ ಹಳ್ಳಿಯ ಮೊಕದ್ದಮೆಯಲ್ಲಿ ಅದೇ ಸುಪ್ರೀಂ ಕೋರ್ಟು ಜೋನಿಂಗಿಗೆ ಅಸ್ತು ಎಂದಿತು. ಬಿಡಿ ಮನೆಗಳ ಬೀದಿಯಲ್ಲಿ ಎದ್ದ ಅಪಾರ್ಟ್‌ಮೆಂಟು ಬದನಿಕೆಯಿದ್ದಂತೆ ಎಂಬ ಧಾಟಿಯ ಮಾತೂ ಆ ತೀರ್ಪಿನಲ್ಲಿದೆ.

ಕ್ಲೀವ್‌ಲ್ಯಾಂಡ್ ನಗರದ ನಡುವಿನಿಂದ ಹೊರಟ ಯೂಕ್ಲಿಡ್ ಅವೆನ್ಯೂ ಎಂಬ ರಸ್ತೆ ಈ ಯೂಕ್ಲಿಡ್ಡನ್ನು ಮುಟ್ಟುವ ಮೊದಲು ಈಸ್ಟ್ ಕ್ಲೀವ್‌ಲ್ಯಾಂಡ್ ಎಂಬ ಪುಟ್ಟ ಊರನ್ನು ಹಾದುಹೋಗುತ್ತದೆ. ಇನೆಜ್ ಮೂರ್ ಎಂಬ ಅಜ್ಜಿ ಇದ್ದದ್ದು ಅಲ್ಲಿ. ಆಕೆಯ ಜೊತೆ ಒಬ್ಬ ಮಗ, ಆ ಮಗನ ಮಗ, ಮತ್ತೆ ಇನ್ನೊಬ್ಬ ಮಗನ ಮಗ ಜಾನ್. ತಾಯಿ ಸತ್ತಾಗ ಜಾನ್ ಇನ್ನೂ ಒಂದು ವರ್ಷ ತುಂಬದ ಕೂಸು. ಆಗಲೇ ಅಜ್ಜಿಯ ಮಡಿಲಿಗೆ ಬಂದವನು. ಊರಿನ ನಿಯಮದಲ್ಲಿ ಕುಟುಂಬಕ್ಕೊಂದು ವ್ಯಾಖ್ಯೆ ಇತ್ತು, ಅದರ ಪ್ರಕಾರ ಒಬ್ಬ ಮಗ ಮತ್ತು ಅವನ ಮಕ್ಕಳು ಅಜ್ಜಿಯೊಡನೆ ಇರಬಹುದು. ಎರಡನೇ ಮಗನ ಸಂತಾನ ಇರುವಂತಿಲ್ಲ. 1973ರಲ್ಲಿ ನೋಟೀಸು ಬಂತು: ಜಾನ್ ಈ ಮನೆಯ ಅಕ್ರಮ ನಿವಾಸಿ, ಹೊರಗೆ ಕಳಿಸಿ. ಅಜ್ಜಿ ಕಳಿಸಲಿಲ್ಲ. ಅವಳಿಗೆ ಐದು ದಿನ ಜೈಲು, 25 ಡಾಲರ್ ದಂಡ.

ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳನ್ನು ನಾವು ಅಣ್ಣ, ತಮ್ಮ ಎಂದೇ ಕರೆಯುತ್ತೇವೆ. ನಡುವೆ ಇರುವ ಗೆರೆಗೆ ದಿನಬಳಕೆಯಲ್ಲಿ ಹೆಸರೇ ಇಲ್ಲ. ಹೆಸರಿಲ್ಲದ ಆ ಗೆರೆಯ ಮೇಲೆ ಒಬ್ಬ ಅಜ್ಜಿಯನ್ನು ಜೈಲಿಗೆ ಕಳಿಸಲು ಒಂದು ಊರು ಹೊರಟಿತ್ತು. ಇದನ್ನು ಬಿಳಿಯರ ದ್ವೇಷ ಎಂದು ಸುಲಭವಾಗಿ ತಳ್ಳಿಹಾಕುವಂತೆಯೂ ಇಲ್ಲ. ಆ ಹೊತ್ತಿಗೆ ಈಸ್ಟ್ ಕ್ಲೀವ್‌ಲ್ಯಾಂಡಿನಲ್ಲಿ ಕಪ್ಪು ಜನರೇ ಹೆಚ್ಚು, ಮೂರ್ ಅಜ್ಜಿಯೂ ಅವರಲ್ಲೊಬ್ಬಳು. ಜನ ಕಿಕ್ಕಿರಿಯಬಾರದು, ವಾಹನ ಹೆಚ್ಚಬಾರದು, ಶಾಲೆಯ ಮೇಲೆ ಹೊರೆ ಬೀಳಬಾರದು ಎಂಬುದು ಊರಿನ ವಾದ. ಮಾತೇನೋ ಒಪ್ಪುವಂಥದ್ದೇ. 1977ರಲ್ಲಿ ಸುಪ್ರೀಂ ಕೋರ್ಟು ಐದು-ನಾಲ್ಕರ ಅಂತರದಲ್ಲಿ ಅಜ್ಜಿಯ ಪರ ನಿಂತಾಗ ನ್ಯಾಯಮೂರ್ತಿ ಪವೆಲ್ ತೋರಿಸಿದ ತೂತು ಇದು: ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಇರುವ ಮನೆಯಲ್ಲಿ ತಲೆಗೊಂದರಂತೆ ಆರು ಕಾರಿದ್ದರೂ ಈ ನಿಯಮ ತುಟಿಪಿಟಕ್ಕೆನ್ನುವುದಿಲ್ಲ, ಬಸ್ಸಿನಲ್ಲೇ ಓಡಾಡುವ ವಯಸ್ಕ ಅಣ್ಣ-ತಂಗಿ ಒಂದು ಮನೆಯಲ್ಲಿದ್ದರೆ ಅದು ಅಪರಾಧ. ಕಾರಿನ ಚಿಂತೆಯಿದ್ದರೆ ಕಾರು ಎಣಿಸಬೇಕು. ಇವರು ಎಣಿಸಿದ್ದು ಮೊಮ್ಮಕ್ಕಳನ್ನು.

ಇಷ್ಟಾದರೂ ಅತ್ತೆಮನೆಯ ವಿನಾಯಿತಿ ಹುಟ್ಟಿದ್ದು ಕೆಟ್ಟ ಮನಸ್ಸಿನಿಂದಲ್ಲ ಎಂಬುದನ್ನು ಒಪ್ಪಬೇಕು. ಎರಡನೇ ಒಲೆಯ ಮಾತೆತ್ತಿದರೆ ಸಿಡಿಮಿಡಿಗೊಳ್ಳುವ ನೆರೆಹೊರೆ, 'ಪಾಪ, ವಯಸ್ಸಾದ ತಾಯಿ' ಎಂದಾಗ ಮೆತ್ತಗಾಗುತ್ತಿತ್ತು. ಮ್ಯಾಸಚೂಸೆಟ್ಸಿನ ಎಷ್ಟೋ ಊರುಗಳಲ್ಲಿ ವಿಶೇಷ ಪರವಾನಗಿ ಸಿಗುತ್ತಿದ್ದದ್ದು ಹೀಗೆ. ಅರ್ಜಿ ಹಾಕಬೇಕು, ಅಕ್ಕಪಕ್ಕದವರಿಗೆ ಕಾಗದ ಹೋಗುತ್ತದೆ, ಬಹಿರಂಗ ವಿಚಾರಣೆ ನಡೆಯುತ್ತದೆ. ಅಲ್ಲಿ ನಿಂತು ನಮ್ಮ ತಾಯಿ ಬೀಳುತ್ತಾಳೆ, ಮರೆಯುತ್ತಾಳೆ, ಒಬ್ಬಳೇ ಇರಲಾರಳು ಎಂದು ಪರಿಚಯವಿಲ್ಲದವರ ಮುಂದೆ ಬಿಡಿಸಿ ಹೇಳಬೇಕು. ಕೆಲವು ಕಡೆ ವರ್ಷ ವರ್ಷವೂ ಪ್ರಮಾಣಪತ್ರ: ನೆಂಟರೇ ಇದ್ದಾರೆ, ಬೇರೆಯವರಿಲ್ಲ. ಕರುಣೆಯಿಂದ ಕೊಟ್ಟ ವಿನಾಯಿತಿಗೆ ಕರುಣೆಯನ್ನು ಮತ್ತೆ ಮತ್ತೆ ಬೇಡಬೇಕಾಗುತ್ತದೆ. ಸಾಲ ಮಾಡಿ ಕಟ್ಟಿದ ಗೋಡೆ, ಕೊಳಾಯಿ, ಕಿಟಕಿ ಇವೆಲ್ಲ ಐವತ್ತು ವರ್ಷ ಬಾಳುವಂಥವು. ಅವಕ್ಕಿರುವ ಅನುಮತಿಯ ಆಯಸ್ಸು ಮಾತ್ರ ಎಂಬತ್ತು ದಾಟಿದ ಒಬ್ಬ ಹೆಂಗಸಿನ ಉಸಿರಿನಷ್ಟು.

ಇನ್ನೂ ಒಂದಿದೆ. ನಂಟಿನ ನಿಯಮ ಒಂದು ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡಿದೆ: ದೊಡ್ಡ ಮನೆಯಲ್ಲಿ ಮಗ, ಸಣ್ಣ ಮನೆಯಲ್ಲಿ ತಾಯಿ. ದೊಡ್ಡ ಮನೆ ತಾಯಿಯದೇ ಆಗಿದ್ದು, ಮಕ್ಕಳು ಮೂರು ಸಾವಿರ ಮೈಲಿ ದೂರವಿದ್ದರೆ? ಮೈಸೂರಿನಲ್ಲಿ ಅಮ್ಮ ಇರುವುದು ಒಬ್ಬಳೇ. ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದಾಳೆ. ಬಾಡಿಗೆಗಿಂತ ಹೆಚ್ಚಿನ ಆಸರೆ 'ಮೇಲಿನ ಮನೆಯವರು'. ಹೋದ ವರ್ಷ ಜ್ವರ ಬಂದಾಗ ಆಟೊ ಕರೆದು ಆಸ್ಪತ್ರೆಗೆ ಕರೆದೊಯ್ದವರು ಅವರು, ನಾನೋ ಅಕ್ಕನೋ ಅಲ್ಲ. ಅವರಿಗೂ ನಮಗೂ ಊರೂ ಬೇರೆ, ಜಾತಿಯೂ ಬೇರೆ. ನೆಂಟರಿಗೆ ಮಾತ್ರ ಎಂಬ ನಿಯಮವಿದ್ದಿದ್ದರೆ ಆ ಮಹಡಿ ಬೀಗ ಹಾಕಿಕೊಂಡು ಕೂತಿರುತ್ತಿತ್ತು. ಹಾಗೆಂದು ನಮ್ಮನ್ನು ನಾವು ಹೊಗಳಿಕೊಳ್ಳುವುದೂ ಬೇಡ. ನಮ್ಮಲ್ಲಿ ಕೇಳಬಾರದ್ದನ್ನು ಕಾನೂನು ಕೇಳುವುದಿಲ್ಲ, ಮನೆ ಓನರ್ ಕೇಳುತ್ತಾರೆ: ಫ್ಯಾಮಿಲೀನಾ, ಬ್ಯಾಚುಲರ್ಸಾ, ಯಾವ ಜನ, ಮೊಟ್ಟೆ ತಿಂತೀರಾ. ಕಾನೂನು ಕೇಳುವ ಸೆಟ್‌ಬ್ಯಾಕನ್ನು, ಅಂದರೆ ಮನೆಯ ಸುತ್ತ ಬಿಡಬೇಕಾದ ಖಾಲಿ ಜಾಗವನ್ನು, ಯಾರೂ ಬಿಡುವುದಿಲ್ಲ.

ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಗರ ಸ್ವಲ್ಪ ಉದಾರವಾಗಿ, ಎರಡನೇ ಮನೆಯಲ್ಲಿ ಮಾಲೀಕರ ಅವಲಂಬಿತರು ಅಥವಾ ಅವರನ್ನು ನೋಡಿಕೊಳ್ಳುವವರು ಇರಬಹುದು ಎಂದಿತು. 2001ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅದನ್ನೂ ಒಪ್ಪಲಿಲ್ಲ: ರಾಜ್ಯದ ಸಂವಿಧಾನ ಖಾಸಗಿತನದ ಹಕ್ಕು ಕೊಟ್ಟಿರುವಾಗ, ಯಾರು ಯಾರೊಡನೆ ವಾಸಿಸಬೇಕೆಂದು ನಗರ ನಿರ್ಧರಿಸುವಂತಿಲ್ಲ. ಅಲ್ಲಿಂದ ಮುಂದೆ ಆ ರಾಜ್ಯ ಹಂತಹಂತವಾಗಿ ಕೇಳುವ ಪ್ರಶ್ನೆಗಳನ್ನೇ ಬದಲಿಸಿತು. 2020ರಿಂದ ಜಾರಿಗೆ ಬಂದ ನಿಯಮಗಳಲ್ಲಿರುವುದು ಚದರಡಿ, ಎತ್ತರ, ಬೇಲಿಯಿಂದ ನಾಲ್ಕಡಿ ದೂರ, ಅರ್ಜಿಗೆ 60 ದಿನದೊಳಗೆ ಉತ್ತರ. ಬಹಿರಂಗ ವಿಚಾರಣೆ ಇಲ್ಲ. 2016ರ ಸುಮಾರಿಗೆ ರಾಜ್ಯದಲ್ಲಿ ವರ್ಷಕ್ಕೆ ಸಾವಿರದ ಆಸುಪಾಸಿನಲ್ಲಿದ್ದ ಇಂಥ ಪರವಾನಗಿಗಳು ಕೆಲವೇ ವರ್ಷಗಳಲ್ಲಿ ಇಪ್ಪತ್ತು ಸಾವಿರ ದಾಟಿದವು.

ಎದುರುವಾದಗಳಲ್ಲಿ ಚರಂಡಿಯದು ನನಗೆ ಬಲವಾಗಿ ಕಾಣುತ್ತದೆ. ಮ್ಯಾಸಚೂಸೆಟ್ಸಿನ ಅನೇಕ ಊರುಗಳಲ್ಲಿ ಒಳಚರಂಡಿ ಇಲ್ಲ, ಮನೆಗೊಂದು ಸೆಪ್ಟಿಕ್ ಟ್ಯಾಂಕು. ಅದು ತುಂಬಿ ಹರಿದರೆ ಪಕ್ಕದ ಮನೆಯ ಬಾವಿಗೇ ಅಪಾಯ. ಆದರೆ ಇದಕ್ಕಾಗಿ ಆ ರಾಜ್ಯದಲ್ಲಿ 'ಟೈಟಲ್ ಫೈವ್' ಎಂಬ ನಿಯಮ ಮೊದಲಿನಿಂದಲೂ ಇದೆ. ಮಲಗುವ ಕೋಣೆಗೆ ದಿನಕ್ಕೆ 110 ಗ್ಯಾಲನ್, ಅಂದರೆ ನಾನೂರು ಲೀಟರಿಗೆ ಸ್ವಲ್ಪ ಮೇಲೆ, ಎಂದು ಲೆಕ್ಕ ಹಾಕಿ ಟ್ಯಾಂಕು, ಹೀರುಗುಂಡಿ ಕಟ್ಟಿಸಬೇಕು. ಆ ಕೋಣೆಯಲ್ಲಿ ಮಲಗುವವರು ಅತ್ತೆಯೋ ಬಾಡಿಗೆಯ ನರ್ಸೋ ಎಂಬುದು ಅದಕ್ಕೆ ಬೇಕಿಲ್ಲ, ಏಕೆಂದರೆ ಗುಂಡಿಗೆ ಅದು ಗೊತ್ತಾಗುವುದಿಲ್ಲ. ನಿಯಮವೆಂದರೆ ಹೀಗಿರಬೇಕು ಎನ್ನಿಸುವಂಥದ್ದು ಈ ಗುಂಡಿಯ ನಿಯಮ.

ಬಚ್ಚಿಟ್ಟ ಮನೆಗಳ ಅಪಾಯ ಇನ್ನೂ ದೊಡ್ಡದು. ನಿಷೇಧವಿದ್ದಲ್ಲಿ ಜನ ಕಟ್ಟದೆ ಇರುವುದಿಲ್ಲ, ಹೇಳದೆ ಕಟ್ಟುತ್ತಾರೆ. 2021ರ ಸೆಪ್ಟೆಂಬರ್ 1ರ ರಾತ್ರಿ ಇಡಾ ಚಂಡಮಾರುತದ ಉಳಿಕೆ ಮಳೆ ನ್ಯೂಯಾರ್ಕ್ ನಗರದ ಮೇಲೆ ಸುರಿದಾಗ ಸತ್ತವರು 13 ಜನ. ಅವರಲ್ಲಿ 11 ಮಂದಿ ನೆಲಮಾಳಿಗೆಯ ಮನೆಗಳಲ್ಲಿದ್ದವರು. ಹೆಚ್ಚಿನವು ನಗರದ ಕಡತದಲ್ಲಿ ಇಲ್ಲದ ಮನೆಗಳು. ಕಡತದಲ್ಲಿಲ್ಲದ ಮನೆಗೆ ಎರಡನೇ ಬಾಗಿಲಿದೆಯೇ, ತೆರೆಯುವ ಕಿಟಕಿ ಇದೆಯೇ ಎಂದು ನೋಡಲು ಯಾರೂ ಬರುವುದಿಲ್ಲ. ದೂರು ಕೊಟ್ಟರೆ ತಾನೇ ಬೀದಿಗೆ ಬೀಳುವ ಬಾಡಿಗೆಯವನು ತುಟಿ ಬಿಚ್ಚುವುದಿಲ್ಲ.

ನನಗೆ ಪೂರ್ತಿ ಬಗೆಹರಿಯದ ಒಂದು ಅಂಶವೆಂದರೆ ಮಾಲೀಕರು ಅದೇ ಆವರಣದಲ್ಲಿ ಇರಲೇಬೇಕೇ ಎಂಬುದು. ಕ್ಯಾಲಿಫೋರ್ನಿಯಾ ಆ ಷರತ್ತನ್ನು ಕೈಬಿಟ್ಟಿದೆ. ಮಾಲೀಕ ಮೇಲೆಯೇ ಇದ್ದರೆ ಕೆಳಗಿನ ಗಲಾಟೆ ಅವನ ಕಿವಿಗೇ ಬೀಳುತ್ತದೆ ಎಂಬ ವಾದದಲ್ಲಿ ಹುರುಳಿದೆ. ದುಡ್ಡಿನ ಕಂಪನಿಗಳು ಬೀದಿಗೆ ಬೀದಿಯನ್ನೇ ಕೊಂಡು ಎರಡೆರಡು ಬಾಡಿಗೆ ಎತ್ತುವ ಭಯ ಹುಸಿಯಲ್ಲ. ಆದರೂ ಕೆಲಸದ ಮೇಲೆ ಎರಡು ವರ್ಷ ಬೇರೆ ಊರಿಗೆ ಹೋಗಬೇಕಾದವಳು ಆಗ ಒಲೆ ಕೀಳಬೇಕೇ? ಗಲಾಟೆಗೆ ಗಲಾಟೆಯ ಕಾನೂನು, ದಿನಬಾಡಿಗೆಯ ಹೋಟೆಲ್ ವ್ಯವಹಾರಕ್ಕೆ ಅದರದೇ ಕಾನೂನು ಇರಲಿ ಎನ್ನುವ ಕಡೆಗೆ ನಾನು ವಾಲುತ್ತೇನೆ, ಸ್ವಲ್ಪ ಅಳುಕಿನಿಂದಲೇ.

ಮ್ಯಾಸಚೂಸೆಟ್ಸ್ ಕೂಡ ಆ ಕಡೆಗೇ ವಾಲಿತು. 2024ರ ಆಗಸ್ಟಿನಲ್ಲಿ ರಾಜ್ಯಪಾಲೆ ಮೌರಾ ಹೀಲಿ ಸಹಿ ಹಾಕಿದ ವಸತಿ ಕಾನೂನಿನ ಪ್ರಕಾರ, 2025ರ ಫೆಬ್ರುವರಿ 2ರಿಂದ ಒಂಟಿ ಕುಟುಂಬದ ವಲಯದ ಮನೆಗೆ 900 ಚದರಡಿ ಅಥವಾ ಮುಖ್ಯ ಮನೆಯ ಅರ್ಧ, ಯಾವುದು ಕಡಿಮೆಯೋ ಅಷ್ಟರೊಳಗಿನ ಎರಡನೇ ಮನೆಯೊಂದನ್ನು ವಿಶೇಷ ಪರವಾನಗಿ ಇಲ್ಲದೆ ಸೇರಿಸಬಹುದು. ದಿನಬಾಡಿಗೆಯನ್ನು ಊರು ತಡೆಯಬಹುದು. ಮಾಲೀಕರು ಅಲ್ಲೇ ಇರಬೇಕೆನ್ನುವಂತಿಲ್ಲ. ಕಾನೂನಾದ ಮಾತ್ರಕ್ಕೆ ಮನೆ ಎದ್ದು ನಿಲ್ಲುವುದಿಲ್ಲ. ಹೊಸದಾಗಿ ಕಟ್ಟಿಸುವುದೆಂದರೆ ಲಕ್ಷ ಡಾಲರುಗಳ ಮಾತು. ಹಾಗಾಗಿ ಮೊದಲು ಇದರ ಲಾಭ ಆಗುವುದು ಕಟ್ಟಿಯೂ ಮುಚ್ಚಿಟ್ಟವರಿಗೆ.

ಅಕ್ಕ ಊರಿನ ಕಚೇರಿಯಿಂದ ಹೊಸ ಅರ್ಜಿ ತಂದಳು. ಅಳತೆ, ಬಾಗಿಲು, ಕಿಟಕಿ, ಹೊಗೆಯ ಅಲಾರಂ. 'ಅರ್ಜಿದಾರರಿಗೆ ನಿವಾಸಿಯ ಸಂಬಂಧ' ಎಂಬ ಕಾಲಂ ಇರಲಿಲ್ಲವಂತೆ. ಭಾವ ಎಲೆಕ್ಟ್ರಿಷಿಯನ್ನನ್ನು ಕರೆಸಿ ಬಿಳಿ ತಟ್ಟೆ ಬಿಚ್ಚಿಸಿದರೆ ತಂತಿ ಹಾಗೇ ಇತ್ತು. ಆ ಭಾನುವಾರ ಅಕ್ಕ ಮೈಸೂರಿಗೆ ಫೋನ್ ಮಾಡಿ, "ಅಮ್ಮಾ, ನಿನ್ನ ಒಲೆ ಬರ್ತಾ ಇದೆ, ಈ ಸಲ ಬಾ" ಎಂದಳು.

"ಆ ಚಳೀಲಿ ನಾನು ಬರಲ್ಲ ಕಣೇ. ಬಾಡಿಗೆಗೆ ಕೊಡು. ಎಷ್ಟು ಬರುತ್ತೆ ಅಲ್ಲಿ?"

ಅಕ್ಕ ಹೇಳಿದಳು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ; ರೂಪಾಯಿಗೆ ಗುಣಿಸುತ್ತಿದ್ದಳೆಂದು ಕಾಣುತ್ತದೆ.