ಒಳ್ಳೆಯ ಏರಿಯಾ ಯಾರಪ್ಪನ ಸ್ವತ್ತು?

ಮಕ್ಕಳೊಂದಿಗರು ಬೆಂಗಳೂರಿಗೆ ಹೋಗಿ ನೆಲೆಸುವುದಾದರೆ ಮೊದಲು "ಒಳ್ಳೆಯ ಏರಿಯಾ" ನೋಡಿಕೊಳ್ಳಬೇಕಂತೆ. ಹೀಗೆಂದು ಮನೆ ದಲ್ಲಾಳಿ ಹೇಳುತ್ತಾನೆ, ಜಾಹೀರಾತು ಹೇಳುತ್ತದೆ, ನಾಲ್ಕು ವರ್ಷದ ಹಿಂದೆ ಹೋಗಿ ನಾಲ್ಕು ಕಾಸು ಮಾಡಿಕೊಂಡ ಷಡ್ಡಕನೂ ಹೇಳುತ್ತಾನೆ. ಗಾಳಿ ಚೆನ್ನಾಗಿರಬೇಕು, ಮಗ್ಗುಲಲ್ಲೇ ಪಾರ್ಕು ಇರಬೇಕು, ಹತ್ತಿರದಲ್ಲಿ ಕಾನ್ವೆಂಟು ಇರಬೇಕು, ನೆರೆಹೊರೆ "ಮರ್ಯಾದಸ್ಥರದ್ದು" ಆಗಿರಬೇಕು. ಇಷ್ಟೆಲ್ಲ ಹೇಳುವವರು ಒಂದು ಮಾತನ್ನು ಮಾತ್ರ ಹೇಳುವುದಿಲ್ಲ: ಆ ಏರಿಯಾದ ಬಾಡಿಗೆಗೆ ತಿಂಗಳ ಸಂಬಳವನ್ನೆಲ್ಲ ಸುರಿದ ಮೇಲೆ ಮಕ್ಕಳ ಬಾಯಿಗೆ ಗಂಜಿ ಎಲ್ಲಿಂದ ಬರಬೇಕು?

ನಮ್ಮ ದಾವಣಗೆರೆಯನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೊಗಳುತ್ತಿದ್ದರು. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಹೊಗಳುವವರೂ ಕಾಣೆಯಾದರು, ಗಿರಣಿ ಕೆಲಸಗಾರರ ಮಕ್ಕಳು ಮೊಮ್ಮಕ್ಕಳು ಪೀಣ್ಯಕ್ಕೆ, ಮೈಸೂರು ರಸ್ತೆಗೆ, ಬೊಮ್ಮನಹಳ್ಳಿಗೆ ಗಂಟುಮೂಟೆ ಕಟ್ಟಿದರು, ಇಂದಿಗೂ ಕಟ್ಟುತ್ತಿದ್ದಾರೆ. ಅಂಗಡಿಯ ಸಾಲ ತೀರಿಸಲಾರದ ಸಣ್ಣ ವ್ಯಾಪಾರಿಯೂ ಅದೇ ರೈಲು ಹತ್ತುತ್ತಾನೆ. ಕಂಕುಳಲ್ಲಿ ಒಂದು ಕೂಸು, ಕೈ ಹಿಡಿದು ಇನ್ನೊಂದು. ಹೊರಡುವ ಮುನ್ನ ಇವರು ನಮ್ಮನ್ನು ಕೇಳುವುದು ಒಂದೇ ಪ್ರಶ್ನೆ: ಅಲ್ಲಿ ಮನೆ ಎಲ್ಲಿ ಮಾಡೋಣ? ಇದು ಹೆಂಗಸರ ಸಂಸಾರದ ಮಾತು, ರಾಜಕೀಯವಲ್ಲ ಎಂದು ಮೂಗು ಮುರಿಯುವ ಮುಖಂಡರುಂಟು. ನಾವು ಹಾಗೆ ತಿಳಿದವರಲ್ಲ. ಕೂಲಿಯ ದರ ಎಷ್ಟು ರಾಜಕೀಯವೋ ಕೂಸು ಮಲಗುವ ಜಾಗವೂ ಅಷ್ಟೇ ರಾಜಕೀಯ.

ಈ "ಒಳ್ಳೆಯ ಏರಿಯಾ" ಎಂಬುದೇನು ಆಕಾಶದಿಂದ ಉದುರಿತೇ? 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಜನ ಹುಳಗಳಂತೆ ಸತ್ತರು. ಆ ಭಯದಿಂದಲೇ ಮಲ್ಲೇಶ್ವರ, ಬಸವನಗುಡಿಗಳು ಭರದಿಂದ ಎದ್ದವು. ಅಗಲವಾದ ರಸ್ತೆ, ಸಾಲುಮರ, ಮಕ್ಕಳು ಆಡುವ ಬಯಲು, ಮನೆಗಳ ಹಿಂದೆ ಕೊಳಕು ಸಾಗಿಸಲು ಬೇರೆ ಓಣಿ. ದಂಡಿನ ಕಡೆಯಲ್ಲಿ ಫ್ರೇಜರ್ ಟೌನ್ ಎದ್ದಿತು. ಹಣ ಯಾರದ್ದು? ಪ್ರಜೆಗಳದ್ದು. ಹೋಗಿ ನೆಲೆಸಿದವರು ಯಾರು? ನಿವೇಶನ ಕೊಳ್ಳಬಲ್ಲವರು. ಪೇಟೆಯ ಕೂಲಿಕಾರ ಪೇಟೆಯ ಇಲಿಗಳ ಜೊತೆಯಲ್ಲೇ ಉಳಿದ. 1945ರಲ್ಲಿ ನಗರ ಸುಧಾರಣಾ ಮಂಡಳಿ, 1976ರಲ್ಲಿ ಅಭಿವೃದ್ಧಿ ಪ್ರಾಧಿಕಾರ. ಬೋರ್ಡು ಬದಲಾಯಿತೇ ಹೊರತು ರೀತಿ ಬದಲಾಗಲಿಲ್ಲ.

ಪಾರ್ಕನ್ನು ಮನೆಯೊಡೆಯ ಕಟ್ಟಿಸಿದನೇ? ಬೀದಿಯ ಮರಕ್ಕೆ ಅವನು ನೀರೆರೆದನೇ? ಮೆಟ್ರೋ ರೈಲನ್ನು ತನ್ನ ಮನೆಯ ಮುಂದೆ ಅವನು ಓಡಿಸಿದನೇ? ಇಲ್ಲ. ಆದರೆ ಇವೆಲ್ಲವುಗಳ ಬೆಲೆಯೂ ಬಾಡಿಗೆಯೊಳಗೆ ಸೇರಿ ಅವನ ಜೇಬಿಗೇ ಹೋಗುತ್ತದೆ. ನಾವು ಬೆಂಕಿಪೊಟ್ಟಣ ಕೊಂಡಾಗಲೂ ತೆರಿಗೆ ತೆತ್ತಿದ್ದೇವೆ. ಆ ತೆರಿಗೆಯಲ್ಲಿ ಹುಟ್ಟಿದ ನೆರಳನ್ನೇ ಮತ್ತೆ ನಮಗೆ ಬಾಡಿಗೆಗೆ ಕೊಡುತ್ತಾರೆ. ಬಂಡವಾಳಶಾಹಿಯ ಪಾಠವನ್ನು ದಪ್ಪ ಪುಸ್ತಕದಲ್ಲಿ ಓದಬೇಕಾಗಿಲ್ಲ. ಬಾಡಿಗೆ ಮನೆ ಹುಡುಕಿದರೆ ಸಾಕು.

ಇನ್ನು ಮುಂಗಡದ ಮಾತು. ಹತ್ತು ತಿಂಗಳ ಬಾಡಿಗೆಯನ್ನು ಒಂದೇ ಗಂಟಿನಲ್ಲಿ ಇಡು ಎನ್ನುವುದು ಬೆಂಗಳೂರಿನ ಪದ್ಧತಿ. ಬಾಡಿಗೆ 8,000 ರೂಪಾಯಿ ಎಂದು ಹಿಡಿದರೆ 80,000 ರೂಪಾಯಿ. ಎರಡು ಮಕ್ಕಳ ತಾಯಿಯ ಕೊರಳಿನ ಸರವೇ ಅದು, ಬೇರೇನಲ್ಲ. ಮನೆ ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳಿನದು ಮುರಿದುಕೊಂಡು ಉಳಿದದ್ದನ್ನು ಬಡ್ಡಿಯಿಲ್ಲದೆ ಹಿಂದಿರುಗಿಸುತ್ತಾರೆ. ದಲ್ಲಾಳಿಯ ಪಾಲು ಬೇರೆ. 2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯಿದೆಯೊಂದನ್ನು ಬರೆಯಿತು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕೂಡದು ಎಂದು ಅದರಲ್ಲಿದೆ. ಮಾದರಿ ಎಂದರೆ ಗೊತ್ತಲ್ಲ, ಒಪ್ಪುವುದೂ ಬಿಡುವುದೂ ರಾಜ್ಯಗಳ ಮರ್ಜಿ. ಬೀದಿಯಲ್ಲಿ ನಡೆಯುತ್ತಿರುವುದು ಮನೆಯೊಡೆಯನ ಕಾಯಿದೆಯೇ.

ಹಣ ಹೊಂದಿಸಿಕೊಂಡು ಹೋದವನಿಗೂ ಬಾಗಿಲಲ್ಲಿ ಪರೀಕ್ಷೆ ಕಾದಿರುತ್ತದೆ. "ನೀವು ಯಾವ ಪೈಕಿ? ಮಾಂಸ ತಿನ್ನುತ್ತೀರಾ? ಮಕ್ಕಳೆಷ್ಟು? ಗೋಡೆ ಗೀಚುತ್ತಾರೇನು?" ಅಸ್ಪೃಶ್ಯತೆ ರದ್ದಾಗಿದೆ ಎಂದು 1950ರಿಂದ ಸಂವಿಧಾನದಲ್ಲಿ ಬರೆದಿದೆ. "ಮರ್ಯಾದಸ್ಥರ ನೆರೆಹೊರೆ" ಎಂಬ ಮಾತಿನ ಅರ್ಥವನ್ನು ದಲ್ಲಾಳಿ ಬಿಡಿಸಿ ಹೇಳುವುದಿಲ್ಲ, ಈ ಪ್ರಶ್ನೆಗಳು ಹೇಳುತ್ತವೆ.

ಹಾಗಾದರೆ ನಮ್ಮವರು ಏನು ನೋಡಿ ಮನೆ ಹಿಡಿಯಬೇಕು? ಊರಾಚೆಯ ಅಗ್ಗದ ಮನೆಗೆ ಮರುಳಾಗಬಾರದು ಎಂಬುದು ನಮ್ಮ ಖಂಡಿತವಾದ ಅಭಿಪ್ರಾಯ. ಬಾಡಿಗೆಯಲ್ಲಿ ಉಳಿದ 2,000 ರೂಪಾಯಿಯನ್ನು ದಾರಿ ತಿಂದುಹಾಕುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಅದು ದೊಡ್ಡ ಉಪಕಾರವೇ. ಆದರೆ ಟಿಕೆಟ್ಟಿನ ಹಣ ಉಳಿದೀತೇ ಹೊರತು ಬಸ್ಸಿನಲ್ಲಿ ನಿಂತು ಕಳೆದ ಎರಡು ಗಂಟೆ ಹಿಂದಿರುಗುವುದಿಲ್ಲ. ಒಂದು ಕೋಟಿಗೂ ಮಿಕ್ಕ ವಾಹನಗಳ ಊರು ಅದು. ಗಾರ್ಮೆಂಟ್ಸಿನಿಂದ ತಾಯಿ ಮನೆ ಸೇರುವ ಹೊತ್ತಿಗೆ ಕೂಸು ಅತ್ತು ಅತ್ತು ಮಲಗಿರುತ್ತದೆ. ಗಂಡಸು ಮೆಟ್ರೋ ಹತ್ತೋಣವೆಂದರೆ 2025ರ ಫೆಬ್ರವರಿಯಲ್ಲಿ ಅದರ ಗರಿಷ್ಠ ದರವನ್ನು 60ರಿಂದ 90 ರೂಪಾಯಿಗೆ ಏರಿಸಿದರು. ಆದ್ದರಿಂದ ಕೋಣೆ ಒಂದು ಕಡಿಮೆಯಾದರೂ ಚಿಂತೆಯಿಲ್ಲ, ತಾಯಿಯ ಕೆಲಸಕ್ಕೆ ಕಾಲ್ನಡಿಗೆಯ ದೂರದಲ್ಲಿ ಮನೆ ಹಿಡಿಯಿರಿ. ತಂದೆಯ ಕೆಲಸಕ್ಕಲ್ಲ, ತಾಯಿಯ ಕೆಲಸಕ್ಕೆ! ಅಂಗಡಿ ಇಡುವವರಿಗೂ ಇದೇ ಮಾತು; ಹಿಂದೆ ಮನೆ ಮುಂದೆ ಅಂಗಡಿ ಸಿಕ್ಕರೆ ಬಿಡಬೇಡಿ, ಲಾರಿ ಓಡುವ ರಸ್ತೆಗೆ ಹೊಸಿಲು ತಾಗಿರದಿದ್ದರೆ ಸರಿ.

ಕೂಸನ್ನು ನೋಡಿಕೊಳ್ಳುವವರು ಯಾರು? ಊರಿನಲ್ಲಿ ಅಜ್ಜಿ ಇದ್ದಳು, ಅಲ್ಲಿಲ್ಲ. ಹೆಂಗಸರು ದುಡಿಯುವ ಕಾರ್ಖಾನೆಗಳು ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಗೃಹ ನಡೆಸಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. 50 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಶಿಶುಗೃಹ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಎಂದು 2017ರ ತಿದ್ದುಪಡಿ ಹೇಳಿತು. ಕೆಲಸಕ್ಕೆ ಸೇರುವ ಮುಂಚೆಯೇ ಇದನ್ನು ಕೇಳಿರಿ. ಬಾಗಿಲಿಗೆ ಬೀಗ ಹಾಕಿದ ಕೋಣೆಯನ್ನು ತೋರಿಸಿ ಶಿಶುಗೃಹ ಎಂದರೆ ನಂಬಬೇಡಿ, ಒಳಗೆ ತೊಟ್ಟಿಲಿದೆಯೇ, ಆಯಾ ಇದ್ದಾಳೆಯೇ ನೋಡಿರಿ. ಮೂರು ದಾಟಿದ ಮಗುವಿಗೆ ಅಂಗನವಾಡಿ. ಆದರೆ ತಾಯಿಯ ಪಾಳಿ ಮುಗಿಯುವ ತನಕ ಅದು ತೆರೆದಿರುವುದಿಲ್ಲ. ಇಡೀ ವಠಾರಕ್ಕೆ ಒಬ್ಬ ಮುದುಕಿಯನ್ನು ಗೊತ್ತು ಮಾಡಿಕೊಂಡು ನಾಲ್ಕಾರು ಮನೆಯವರು ಕೂಡಿ ದುಡ್ಡು ಹಾಕುವುದನ್ನು ನಾವು ಕಂಡಿದ್ದೇವೆ. ಬಡವರೇ ಕೂಡಿ ನಡೆಸುವ ಈ ಕೆಲಸ ಸರ್ಕಾರದ್ದಾಗಬೇಕಿತ್ತು.

ನೀರಿನ ವಿಷಯದಲ್ಲಿ ಮನೆಯೊಡೆಯನ ಮಾತನ್ನು ಕೇಳಲೇಬೇಡಿ. ಸುಮಾರು ನೂರು ಕಿಲೋಮೀಟರು ದೂರದಿಂದ, 500 ಮೀಟರು ಎತ್ತರಕ್ಕೆ ಏರಿಸಿ ತಂದ ಕಾವೇರಿ ಆ ಊರಿನದು. 2007ರಲ್ಲಿ ನಗರಕ್ಕೆ ಸೇರಿಸಿದ 110 ಹಳ್ಳಿಗಳಿಗೆಂದು ಐದನೇ ಹಂತದ ನೀರನ್ನು ಬಿಟ್ಟದ್ದು 2024ರ ಅಕ್ಟೋಬರ್‌ನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನವರು ಕೇಳಿದಷ್ಟು ಕೊಡಬೇಕಾಗಿ, ಕೊನೆಗೆ ಸರ್ಕಾರವೇ ದರ ಕಟ್ಟಬೇಕಾಯಿತು. "ಬೀದಿಯಲ್ಲಿ ಕಾವೇರಿ ಇದೆ" ಎಂದರೆ ಸಾಲದು. ಮನೆಗೆ ಸಂಪರ್ಕ ಇದೆಯೇ, ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತಿಗೆ ಎಂದು ಅಕ್ಕಪಕ್ಕದ ಬಾಡಿಗೆದಾರರನ್ನು ಕೇಳಿರಿ. ಗೋಡೆಯ ಬುಡದಲ್ಲಿ ನೀರು ನಿಂತ ಗೆರೆ ಇದೆಯೋ ನೋಡಿರಿ. ರಾಜಕಾಲುವೆಯ ಮಗ್ಗುಲಿನ ಮನೆ ಅಗ್ಗವಾಗುವುದಕ್ಕೆ ಕಾರಣವಿರುತ್ತದೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಕೋಟ್ಯಧೀಶರ ಬಂಗಲೆಗಳೂ ಮುಳುಗಿದವು, ಅವರನ್ನು ಟ್ರಾಕ್ಟರಿನಲ್ಲಿ ಸಾಗಿಸಿದ್ದನ್ನು ದೇಶವೆಲ್ಲ ಬೆರಗಾಗಿ ನೋಡಿತು. ಅದೇ ಮಳೆಯಲ್ಲಿ ಪಾತ್ರೆಪಗಡೆ ಕಳೆದುಕೊಂಡ ಕೂಲಿಕಾರನ ಚಿತ್ರ ಎಷ್ಟು ಪತ್ರಿಕೆಗಳಲ್ಲಿ ಬಂತು?

ಶಾಲೆಯ ವಿಚಾರದಲ್ಲಿ ನಮ್ಮವರು ಅನಾವಶ್ಯಕವಾಗಿ ಹೆದರುತ್ತಾರೆ. ಒಂದರಿಂದ ಐದನೇ ತರಗತಿಯ ಮಗುವಿಗೆ ಒಂದು ಕಿಲೋಮೀಟರು ಒಳಗೆ ಶಾಲೆ ಇರಬೇಕೆಂದು 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ನಿಯಮ. ಸರ್ಕಾರಿ, ಅನುದಾನಿತ ಶಾಲೆಗಳಿಗೆ ವರ್ಗವಾಗುವುದು ಮಗುವಿನ ಹಕ್ಕು. ವರ್ಗಾವಣೆ ಪತ್ರ ತಡವಾಯಿತೆಂದು ಸೇರಿಸಿಕೊಳ್ಳದಿರುವಂತಿಲ್ಲ, ಪತ್ರ ಕೊಡಲು ತಡಮಾಡಿದ ಮುಖ್ಯೋಪಾಧ್ಯಾಯರ ಮೇಲೆ ಕ್ರಮ ಜರುಗಿಸಬಹುದು. ಖಾಸಗಿ ಶಾಲೆಯಲ್ಲಿ ಬಡವರಿಗಿರುವ 25 ಶೇಕಡಾ ಸೀಟನ್ನು ಮಾತ್ರ ನಂಬಿ ಏರಿಯಾ ಆರಿಸಬೇಡಿ: 2019ರಲ್ಲಿ ಕರ್ನಾಟಕ ತಿದ್ದಿದ ನಿಯಮದ ಪ್ರಕಾರ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲ. ಉಳಿದದ್ದು ಸರ್ಕಾರಿ ಶಾಲೆ. "ಅಲ್ಲಿ ಪಾಠ ಎಲ್ಲಿ ನಡೆಯುತ್ತದೆ?" ಎನ್ನುವವರಿಗೆ ನಮ್ಮ ಉತ್ತರ ಇದು: ಮೇಲುಸ್ತುವಾರಿ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರಬೇಕೆಂದು ಅದೇ ಕಾಯಿದೆಯಲ್ಲಿದೆ. ಸಂಘದಲ್ಲಿ ಕೂತು ಧಣಿಯನ್ನು ಲೆಕ್ಕ ಕೇಳಿದವರಿಗೆ ಮೇಷ್ಟರನ್ನು ಪಾಠ ಕೇಳುವುದು ಕಷ್ಟವೇ? ವೇದಿಕೆಯ ಮೇಲೆ ಸರ್ಕಾರಿ ಶಾಲೆಯ ಗುಣಗಾನ ಮಾಡಿ ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸುವ ಎಡಪಂಥೀಯರ ಮಾತನ್ನು ನಾವು ಇಲ್ಲಿ ಎತ್ತುವುದಿಲ್ಲ. ಎತ್ತಿದರೆ ಕೆಲವರಿಗೆ ಊಟ ಸೇರದು.

ದೂರು ಯಾರಿಗೆ ಹೇಳೋಣ ಎಂದರೆ, ಬೆಂಗಳೂರು ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳು ಆಳಿದರು. 2025ರಲ್ಲಿ ಒಂದು ಪಾಲಿಕೆಯನ್ನು ಐದು ಮಾಡಿದರು. ಮೋರಿ ಮಾತ್ರ ಅದೇ ಮೋರಿ. ಹಾಗೆಂದು ಕೈಕಟ್ಟಿ ಕೂಡುವಂತಿಲ್ಲ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿಯ ನಿವಾಸಿಗಳು ಸುಪ್ರೀಂ ಕೋರ್ಟಿನ ತನಕ ಹೋರಾಡಿದರು, 1991ರಲ್ಲಿ ಗೆದ್ದರು. ಅದು ಅನುಕೂಲಸ್ಥರ ಬಡಾವಣೆ, ವಕೀಲರಿಗೆ ಕೊಡಲು ಅವರಲ್ಲಿ ಹಣವಿತ್ತು ಎನ್ನುವಿರಾ? ನಿಜ. ಆದರೆ ಆ ತೀರ್ಪು ಪೀಣ್ಯದ ಬಯಲಿಗೂ ಅನ್ವಯಿಸುತ್ತದೆ, ಬೊಮ್ಮನಹಳ್ಳಿಯ ಬಯಲಿಗೂ ಅನ್ವಯಿಸುತ್ತದೆ.

ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಎರಡು ತಿಂಗಳಿಗೆ ಮೀರಿದ ಮುಂಗಡವನ್ನು ರಾಜ್ಯ ಸರ್ಕಾರ ಕಾಯಿದೆಯಿಂದ ನಿಷೇಧಿಸಲಿ. ಕಾರ್ಖಾನೆಗಳಿರುವ ಪ್ರತಿ ವಾರ್ಡಿನಲ್ಲೂ ಪಾಳಿ ಮುಗಿಯುವ ತನಕ ತೆರೆದಿರುವ ಶಿಶುಗೃಹ ನಡೆಸಲಿ. ಬಾಡಿಗೆ ಮನೆಯ ಬಾಗಿಲಲ್ಲಿ ಜಾತಿ ಕೇಳುವವರಿಗೆ ಶಿಕ್ಷೆಯಾಗಲಿ.

ಜೂನ್ ತಿಂಗಳ ಶಾಲೆಗೆ ಮೊದಲು ಹೊರಡುವವರು ಮಕ್ಕಳ ವರ್ಗಾವಣೆ ಪತ್ರವನ್ನು ಈಗಲೇ ಕೇಳಿ ಪಡೆಯಿರಿ. ಚುಚ್ಚುಮದ್ದಿನ ವಿವರವಿರುವ ತಾಯಿ ಕಾರ್ಡನ್ನು ಮಡಿಚಿ ಪಡಿತರ ಚೀಟಿಯ ಜೊತೆಯಲ್ಲಿಟ್ಟುಕೊಳ್ಳಿರಿ. ಮುಂಗಡದ ಹಣಕ್ಕೆ ಕೈಬರಹದಲ್ಲಾದರೂ ಸರಿ, ರಸೀದಿ ಪಡೆಯದೆ ಗಂಟು ಬಿಚ್ಚಬೇಡಿ.